ಏನನ್ನು ಅಡವಿಟ್ಟರು?

ನನ್ನ ಮಗನಿಗೆ ಹದಿಮೂರು ವರ್ಷ. ಶಾಲೆಯಿಂದ ಬಂದ ಕೂಡಲೇ ಅವನು ತೊಡುವುದು ಒಂದೇ ಅಂಗಿ. ಬಿಳಿ ಬಣ್ಣದ್ದು, ಬೆನ್ನಿನ ಮೇಲೆ 7 ಎಂಬ ಅಂಕೆ, ಅದರ ಮೇಲೆ ರೊನಾಲ್ಡೊ ಎಂಬ ಹೆಸರು. ಆ ಆಟಗಾರ ರಿಯಲ್ ಮ್ಯಾಡ್ರಿಡ್ ಕ್ಲಬ್ಬನ್ನು ಬಿಟ್ಟದ್ದು 2018ರಲ್ಲಿ. ಆದರೆ ನಮ್ಮೂರ ಸಂತೆಯಲ್ಲಿ ಆ ಅಂಗಿಯ ಮಾರಾಟ ಇನ್ನೂ ನಿಂತಿಲ್ಲ.

ಮೊನ್ನೆ ಸಂಜೆ ಅವನು ಕೇಳಿದ: "ಅಬ್ಬಾ, ರೊನಾಲ್ಡೊನನ್ನು ಕೊಳ್ಳಲು ಒಂಬತ್ತು ಕೋಟಿ ಯೂರೋ ಕೊಟ್ಟರಂತೆ. ಅಷ್ಟೊಂದು ದುಡ್ಡು ಎಲ್ಲಿಂದ ಬಂತು?"

"ಸಾಲ ಮಾಡಿದರು. ಬ್ಯಾಂಕಿನಿಂದ."

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನ ಅಮ್ಮಿ ತಲೆ ಎತ್ತದೆಯೇ ಕೇಳಿದಳು: "ಏನನ್ನು ಅಡವಿಟ್ಟರು?"

ಮಗನಿಗೆ ನಗು ಬಂತು. ನನಗೆ ಬರಲಿಲ್ಲ. ಏಕೆಂದರೆ ಅಡವಿಡುವುದು ಎಂದರೇನು ಎಂಬುದು ನಮ್ಮ ಮನೆಯಲ್ಲಿ ಅಮ್ಮಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಗೊತ್ತಾಗುವಂತೆ ಮಾಡಿದವನು ನಾನೇ.

ಏಳನೆಯ ತರಗತಿಯವರೆಗೆ ನಾನು ಉರ್ದು ಶಾಲೆಯಲ್ಲಿ ಓದಿದೆ. ಹೈಸ್ಕೂಲು ಕನ್ನಡದಲ್ಲಾಯಿತು. ಪಿಯುಸಿಗೆ ಸೇರುವಾಗ ಶುಲ್ಕಕ್ಕೆಂದು ಅಮ್ಮಿ ತನ್ನ ನಾಲ್ಕು ಬಳೆಗಳನ್ನು ಪೇಟೆಯ ಬ್ಯಾಂಕಿನಲ್ಲಿಟ್ಟಳು. ಸರ್ಕಾರದ ಬ್ಯಾಂಕು, ಸೇಠನ ಅಂಗಡಿಯಲ್ಲ ಎಂಬುದೇ ಅವಳ ಧೈರ್ಯ. ಒಂದೂವರೆ ವರ್ಷದ ನಂತರ ಒಂದು ನೋಟಿಸು ಬಂತು. ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಕಾಗದ ಓದಿ ಹೇಳುವವನು ನಾನೊಬ್ಬನೇ. ಅದರಲ್ಲಿದ್ದ ಅರ್ಧ ಮಾತು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳಲು ನಾಚಿಕೆಯಾಯಿತು. ಅವಳ ಬಳೆಯ ದುಡ್ಡಿನಲ್ಲೇ ಅಲ್ಲವೇ ನಾನು ಕಾಲೇಜಿಗೆ ಹೋಗುತ್ತಿದ್ದುದು! "ಬಡ್ಡಿ ಕಟ್ಟಬೇಕಂತೆ ಅಮ್ಮಿ, ಅವಸರವೇನಿಲ್ಲ" ಎಂದುಬಿಟ್ಟೆ. ಅದು ಹರಾಜಿನ ನೋಟಿಸು. ದುಡ್ಡು ಜೋಡಿಸಿಕೊಂಡು ಅವಳು ಬ್ಯಾಂಕಿಗೆ ಹೋಗುವ ಹೊತ್ತಿಗೆ ಬಳೆಗಳು ಇರಲಿಲ್ಲ. ಬ್ಯಾಂಕಿನವರು ನಿಯಮದಂತೆ ನಡೆದುಕೊಂಡಿದ್ದರು. ತಪ್ಪಿದ್ದು ನಾನು. ಅಮ್ಮಿ ಇಂದಿಗೂ ಒಂದು ಮಾತು ಆಡಿಲ್ಲ.

ಹಾಗಾಗಿ ಅವಳ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಲು ನನ್ನಿಂದ ಆಗಲಿಲ್ಲ.

2009ರ ಜೂನ್ ತಿಂಗಳು. ಜಗತ್ತಿನ ಆರ್ಥಿಕ ಕುಸಿತ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ಸ್ಪೇನಿನಲ್ಲಿ ಕಟ್ಟಡದ ಕೆಲಸಗಳು ನಿಂತು ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡಿದ್ದರು. ಅದೇ ತಿಂಗಳು ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಅಧ್ಯಕ್ಷರಾಗಿ ಮರಳಿ ಬಂದ ಫ್ಲೊರೆಂಟಿನೊ ಪೆರೆಜ್, ಮಿಲಾನಿನಿಂದ ಕಾಕಾ ಎಂಬ ಆಟಗಾರನನ್ನೂ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ರೊನಾಲ್ಡೊನನ್ನೂ ತಂದರು. ರೊನಾಲ್ಡೊ ಒಬ್ಬನಿಗೇ ಎಂಟು ಕೋಟಿ ಪೌಂಡು, ಅಂದರೆ ಸುಮಾರು 9.4 ಕೋಟಿ ಯೂರೋ. ಅಲ್ಲಿಯವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ಕಟ್ಟಿರಲಿಲ್ಲ. ಜುಲೈ 6ರಂದು ಅವನನ್ನು ನೋಡಲೆಂದೇ ಸುಮಾರು 80 ಸಾವಿರ ಜನ ಮೈದಾನ ತುಂಬಿದ್ದರು.

ಸಾಲ ಕೊಟ್ಟ ಬ್ಯಾಂಕುಗಳು ಎರಡು. ಒಂದು ಸ್ಯಾಂಟಾಂಡರ್, ಖಾಸಗಿ ಬ್ಯಾಂಕು. ಇನ್ನೊಂದು ಕಾಹಾ ಮ್ಯಾಡ್ರಿಡ್. ಇದೊಂದರ ಪಾಲೇ ಸುಮಾರು ಏಳೂವರೆ ಕೋಟಿ ಯೂರೋ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅಂದಿನ ಲೆಕ್ಕದಲ್ಲಿ ನಮ್ಮ ಐನೂರು ಕೋಟಿ ರೂಪಾಯಿ.

ಈ ಕಾಹಾ ಮ್ಯಾಡ್ರಿಡ್‌ನ ಮೂಲ ಕೇಳಿದರೆ ನಿಮಗೂ ನನ್ನಂತೆಯೇ ಆಶ್ಚರ್ಯವಾದೀತು. 1702ರಲ್ಲಿ ಫ್ರಾನ್ಸಿಸ್ಕೊ ಪಿಕೇರ್ ಎಂಬ ಪಾದ್ರಿ ಕಾಣಿಕೆ ಡಬ್ಬಿಗೆ ಒಂದು ಬೆಳ್ಳಿ ನಾಣ್ಯ ಹಾಕಿ ಶುರುಮಾಡಿದ ಗಿರವಿ ಸಂಸ್ಥೆ ಅದರ ಬೇರು. ಬಡವರು ಒಡವೆ, ಬಟ್ಟೆಬರೆ ತಂದಿಟ್ಟು ಬಡ್ಡಿಕೋರರ ಬಾಯಿಗೆ ಬೀಳದೆ ಸಾಲ ಪಡೆಯಲಿ ಎಂಬುದು ಉದ್ದೇಶ. 1838ರಲ್ಲಿ ಉಳಿತಾಯ ಬ್ಯಾಂಕು ಹುಟ್ಟಿತು, ಮುಂದೆ ಎರಡೂ ಒಂದಾದವು. ಸ್ಪೇನಿನ ಇಂಥ ಉಳಿತಾಯ ಬ್ಯಾಂಕುಗಳಿಗೆ ಷೇರುದಾರರು ಇರಲಿಲ್ಲ. ಲಾಭದ ಒಂದು ಪಾಲು ಸಮಾಜ ಸೇವೆಗೆ ಹೋಗಬೇಕಿತ್ತು. ಆಡಳಿತದಲ್ಲಿ ಠೇವಣಿದಾರರ, ನೌಕರರ, ಸ್ಥಳೀಯ ಸರ್ಕಾರಗಳ ಪ್ರತಿನಿಧಿಗಳಿರುತ್ತಿದ್ದರು. ಹೇಳಲು ಜನರ ಬ್ಯಾಂಕು. ನಡೆಸುತ್ತಿದ್ದುದು ರಾಜಕೀಯ ಪಕ್ಷಗಳು. ಅಂತೂ ಅಮ್ಮಿಯಂಥವಳ ಬಳೆಗಾಗಿ ಹುಟ್ಟಿದ ಬ್ಯಾಂಕು ಮುನ್ನೂರು ವರ್ಷಗಳ ನಂತರ ಆಟಗಾರರನ್ನು ಕೊಳ್ಳಲು ಸಾಲ ಕೊಟ್ಟಿತು.

2010ರ ಕೊನೆಗೆ ಕಾಹಾ ಮ್ಯಾಡ್ರಿಡ್ ಮತ್ತು ಇತರ ಆರು ಉಳಿತಾಯ ಬ್ಯಾಂಕುಗಳು ಸೇರಿ ಬ್ಯಾಂಕಿಯಾ ಆಯಿತು. 2012ರ ಮೇ ತಿಂಗಳಲ್ಲಿ ಬ್ಯಾಂಕಿಯಾ ಕುಸಿದು ಸರ್ಕಾರದ ಮಡಿಲಿಗೆ ಬಿತ್ತು. ಅದನ್ನು ಎತ್ತಿ ನಿಲ್ಲಿಸಲು ಜನರ ಹಣ 2,200 ಕೋಟಿ ಯೂರೋಗೂ ಹೆಚ್ಚು ಬೇಕಾಯಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಬ್ಯಾಂಕಿಯಾವನ್ನು ಮುಳುಗಿಸಿದ್ದು ರೊನಾಲ್ಡೊನ ಸಾಲವಲ್ಲ. ಮುಳುಗಿಸಿದ್ದು ಕೊಳ್ಳುವವರಿಲ್ಲದ ಕಟ್ಟಡಗಳಿಗೆ, ನಿವೇಶನಗಳಿಗೆ ಸುರಿದ ಸಾಲ. ರೊನಾಲ್ಡೊ ಒಂಬತ್ತು ವರ್ಷ ಆಡಿ, ಕಪ್ಪುಗಳನ್ನು ಗೆದ್ದುಕೊಟ್ಟು, 2018ರಲ್ಲಿ ಸುಮಾರು ಹತ್ತು ಕೋಟಿ ಯೂರೋಗೆ ಯುವೆಂಟಸ್ ಕ್ಲಬ್ಬಿಗೆ ಮಾರಾಟವಾದ. ಕೊಂಡದ್ದಕ್ಕಿಂತ ಹೆಚ್ಚಿಗೆ! ಲೆಕ್ಕದ ಪುಸ್ತಕದಲ್ಲಿ ಅದು ಒಳ್ಳೆಯ ವ್ಯವಹಾರವೇ. ನನ್ನನ್ನು ಕಾಡುವುದು ಲೆಕ್ಕವಲ್ಲ. ನಂಬಿಕೆ ಯಾರಿಗೆ ಸಿಗುತ್ತದೆ ಎಂಬುದು.

ಅದೇ ವರ್ಷಗಳಲ್ಲಿ ಬ್ಯಾಂಕಿಯಾದ ಕೌಂಟರುಗಳಲ್ಲಿ ಇನ್ನೊಂದು ವ್ಯವಹಾರ ನಡೆದಿತ್ತು. ಕಾಹಾ ಮ್ಯಾಡ್ರಿಡ್‌ನ ಕಾಲದಿಂದಲೇ 'ಆದ್ಯತಾ ಷೇರು' ಎಂಬ ಕಾಗದಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರಿದ್ದರು. ಕೊಂಡವರಲ್ಲಿ ಎಷ್ಟೋ ಮಂದಿ ವೃದ್ಧರು. ಇದೂ ಒಂದು ಠೇವಣಿ ಎಂದು ನಂಬಿ, ಪರಿಚಯದ ಮ್ಯಾನೇಜರು ತೋರಿಸಿದ ಜಾಗದಲ್ಲಿ ಸಹಿ ಹಾಕಿದ್ದರು. ಬ್ಯಾಂಕು ಕುಸಿದಾಗ ಆ ಉಳಿತಾಯ ಸಿಕ್ಕಿಹಾಕಿಕೊಂಡಿತು. ಮುದುಕ ಮುದುಕಿಯರು ಬೀದಿಗಿಳಿದು ಶಾಖೆಗಳ ಮುಂದೆ ಕೂಗಬೇಕಾಯಿತು. ಮುಂದೆ ಪಂಚಾಯ್ತಿ, ನ್ಯಾಯಾಲಯಗಳ ಮೂಲಕ ಅನೇಕರಿಗೆ ಹಣ ಮರಳಿತು, ನಿಜ. ಆ ಸುದ್ದಿ ಓದುವಾಗ ಆ ಕಾಗದಗಳನ್ನು ಅವರಿಗೆ ಓದಿ ಹೇಳಿದವರು ಯಾರಿರಬಹುದು ಎಂದು ನಾನು ಯೋಚಿಸಿದ್ದೆ.

ಮನೆ ಸಾಲ ಕಟ್ಟಲಾಗದವರ ಗತಿ ಇನ್ನೂ ಕಷ್ಟದ್ದು. ಸ್ಪೇನಿನ ಕಾನೂನಿನಲ್ಲಿ ಮನೆಯ ಬೀಗದಕೈ ಬ್ಯಾಂಕಿಗೆ ಕೊಟ್ಟರೂ ಸಾಲ ತೀರುವುದಿಲ್ಲ. ಉಳಿದ ಬಾಕಿ ಹೆಗಲ ಮೇಲೆಯೇ ಇರುತ್ತದೆ. ಕೆಲಸ ಹೋದವನು, ಮನೆ ಹೋದವನು, ಸಾಲ ಮಾತ್ರ ಉಳಿದವನು. 2012ರಲ್ಲಿ ಅಲ್ಲಿನ ದುಡಿಯುವ ಜನರಲ್ಲಿ ನಾಲ್ವರಿಗೊಬ್ಬರು ನಿರುದ್ಯೋಗಿಗಳು.

ಬ್ಯಾಂಕಿಯಾದ ಅಧ್ಯಕ್ಷರಾಗಿದ್ದವರು ರೊಡ್ರಿಗೊ ರಾಟೊ. ಹಿಂದೆ ದೇಶದ ಅರ್ಥ ಮಂತ್ರಿ, ಆಮೇಲೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯಸ್ಥ. ಕಾಹಾ ಮ್ಯಾಡ್ರಿಡ್ ಮತ್ತು ಬ್ಯಾಂಕಿಯಾದ ಕಾರ್ಡುಗಳಲ್ಲಿ ಸ್ವಂತ ಖರ್ಚು ಮಾಡಿಕೊಂಡ ಪ್ರಕರಣದಲ್ಲಿ ಅವರಿಗೂ ಅರವತ್ತಕ್ಕೂ ಹೆಚ್ಚು ಮಂದಿಗೂ ಶಿಕ್ಷೆಯಾಗಿ, 2018ರ ಅಕ್ಟೋಬರಿನಲ್ಲಿ ಅವರು ಜೈಲಿಗೆ ಹೋದರು. ಷೇರು ಬಿಡುಗಡೆಯ ಪ್ರಕರಣದಲ್ಲಿ 2020ರಲ್ಲಿ ಖುಲಾಸೆಯಾದರು. 2021ರಲ್ಲಿ ಬ್ಯಾಂಕಿಯಾ ಎಂಬ ಹೆಸರೂ ಕೈಷಾ ಬ್ಯಾಂಕಿನಲ್ಲಿ ಕರಗಿಹೋಯಿತು.

ಇಷ್ಟು ದೂರ ಹೋಗಿ ನೋಡುವುದೇಕೆ, ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ಗೂ ನಮ್ಮ ಸರ್ಕಾರಿ ಬ್ಯಾಂಕುಗಳು ಅದರ ಹೆಸರನ್ನೇ, ಚಿಹ್ನೆಯನ್ನೇ ಭದ್ರತೆಯಾಗಿ ಇಟ್ಟುಕೊಂಡು ಸಾಲ ಕೊಟ್ಟಿದ್ದವು. 2016ರ ಏಪ್ರಿಲ್‌ನಲ್ಲಿ ಆ ಹೆಸರನ್ನು ಹರಾಜಿಗಿಟ್ಟಾಗ 366.70 ಕೋಟಿ ರೂಪಾಯಿ ಮೂಲ ಬೆಲೆಗೆ ಕೂಗುವವರು ಒಬ್ಬರೂ ಬರಲಿಲ್ಲ. ಅಮ್ಮಿಯ ಬಳೆಗಳಿಗೆ ಮಾತ್ರ ಅದೇ ದಿನ ಗಿರಾಕಿ ಸಿಕ್ಕಿದ್ದ.

"ಹೆಸರನ್ನು ಅಡವಿಟ್ಟರು ಅಮ್ಮಿ," ಎಂದೆ ನಾನು. "ದೊಡ್ಡ ಕ್ಲಬ್ಬು, ಮುಂದೆ ದುಡ್ಡು ಬಂದೇ ಬರುತ್ತದೆ ಎಂಬ ನಂಬಿಕೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನ್ನದೂ ಹೆಸರಿತ್ತಲ್ಲ," ಎಂದಳು. "ಅವರು ಕೇಳಲಿಲ್ಲ."

ಅದರಲ್ಲಿ ದೂರಿರಲಿಲ್ಲ. ಹಾಗೆಯೇ ಸುಲಿದ ಕಾಳುಗಳನ್ನು ಬಟ್ಟಲಿಗೆ ಹಾಕಿದಳು. ಮಗ ಚೆಂಡು ತೆಗೆದುಕೊಂಡು ಹೊರಗೆ ಓಡಿದ. ಅವನ ಸಂತೋಷಕ್ಕೆ ನಾನು ಏಕೆ ಅಡ್ಡ ಬರಲಿ? ಆ ಆಟಗಾರ ಯಾರಿಗೂ ಮೋಸ ಮಾಡಿದವನಲ್ಲ.

ಅಂದು ರಾತ್ರಿ ಅಮ್ಮಿಯ ಪಿಂಚಣಿಯ ಕಾಗದವೊಂದು ಬ್ಯಾಂಕಿನಿಂದ ಬಂದದ್ದು ನೆನಪಾಯಿತು. ತೆಗೆದು ಓದಿ ಹೇಳಿದೆ. ಒಂದು ಪದ ನನಗೆ ಅರ್ಥವಾಗಲಿಲ್ಲ. "ಇದು ನನಗೆ ತಿಳಿಯುತ್ತಿಲ್ಲ ಅಮ್ಮಿ, ನಾಳೆ ಹೋಗಿ ಕೇಳಿಕೊಂಡು ಬರುತ್ತೇನೆ" ಎಂದೆ. ಆ ಮಾತು ಹೇಳಲು ನನಗೆ ಇಪ್ಪತ್ತೇಳು ವರ್ಷ ಹಿಡಿಯಿತು.