ಹಾಲನ್ನ ಮತ್ತು ಮಾರ್ಜಾಲ

ಬೆಳಗಾವಿಯ ಒಂದು ಶ್ರಾವಕ ಕುಟುಂಬದ ಮೂರನೆಯ ಮಹಡಿಯ ಮನೆಗೆ ಮಳೆಗಾಲದ ಒಂದು ಸಂಜೆ ಬೆಕ್ಕಿನ ಮರಿಯೊಂದು ಬಂದು ಸೇರಿತು. ಬೆಕ್ಕು ಮೊದಲಾದ ಹಿಂಸ್ರಜೀವಿಗಳನ್ನು ಸಾಕುವುದು ಅನರ್ಥದಂಡವೆಂಬ ಮಾತು ಶ್ರಾವಕಾಚಾರ ಪರಂಪರೆಯಲ್ಲಿದೆ. ಮನೆಯ ಅಜ್ಜಿಗೆ ಅದು ತಿಳಿಯದ್ದೇನಲ್ಲ. ಆದರೆ ನೆನೆದು ನಡುಗುವ ಜೀವವನ್ನು ಮೆಟ್ಟಿಲಿಗೆ ಮರಳಿ ತಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ಎರಡು ಹೊತ್ತು ಹಾಲನ್ನ, ಪರ್ವದ ದಿನ ಒಂದು ಚಮಚ ತುಪ್ಪ. ಹೊರಗೆ ಹೋಗಿ ಇಲಿ ಹಿಡಿಯುವ ಅವಕಾಶವೇ ಇಲ್ಲ. ‘ನಮ್ಮ ಬೆಕ್ಕೂ ವ್ರತಿಯಾಯಿತು’ ಎಂದು ಬಂದವರಿಗೆಲ್ಲ ಅಭಿಮಾನದಿಂದ ಹೇಳುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ಬೆಕ್ಕು ಮೇಜಿನ ಕಾಲಿಗೆ ಮುಖ ತಾಗಿಸಿಕೊಳ್ಳತೊಡಗಿತು. ಕಿಟಕಿಯ ಕಟ್ಟೆಗೆ ಹಾರಿ ತಪ್ಪಿ ಬಿದ್ದಿತು. ಪರಿಚಿತರೊಬ್ಬರು ಹೋಮಿಯೋಪಥಿಯ ಸಕ್ಕರೆ ಗುಳಿಗೆಗಳನ್ನು ತಂದುಕೊಟ್ಟರು. ತಿಂಗಳೊಳಗೆ ಇರುಳಿನಲ್ಲಿ ಅದರ ಕಣ್ಣುಗಳು ಹಿಂದೆಂದೂ ಇಲ್ಲದಷ್ಟು ಹೊಳೆಯುವುದನ್ನು ಎಲ್ಲರೂ ಕಂಡರು. ಔಷಧ ಫಲಿಸಿತೆಂದು ಮನೆಯಲ್ಲಿ ಸಂತೋಷ.

ಸೊಸೆಗೆ ಮಾತ್ರ ಸಂಶಯ ಹೋಗಲಿಲ್ಲ. ಆಕೆ ಬೆಕ್ಕನ್ನು ಪಶುವೈದ್ಯರ ಬಳಿಗೆ ಕೊಂಡೊಯ್ದರು. ಆ ಹೊಳಪೇ ರೋಗದ ಲಕ್ಷಣವೆಂದು ವೈದ್ಯರು ತಿಳಿಸಿದರು. ಅಕ್ಷಿಪಟಲ ಕ್ಷಯಿಸಿ ತೆಳುವಾದಂತೆ ಅದರ ಹಿಂದಿರುವ ಕನ್ನಡಿಯಂತಹ ಪದರ ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತದೆ; ಪಾಪೆಯೂ ಅರಳಿಯೇ ಉಳಿಯುತ್ತದೆ. ಮನೆಯವರು ಗುಣವೆಂದು ಕಂಡದ್ದು ಕುರುಡುತನ.

ಕಾರಣ ಟಾರಿನ್ ಎಂಬ ವಸ್ತುವಿನ ಕೊರತೆ. ಮನುಷ್ಯನೂ ನಾಯಿಯೂ ಇದನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳಬಲ್ಲರು. ಬೆಕ್ಕಿಗೆ ಆ ಶಕ್ತಿ ತೀರ ಅಲ್ಪ. ಅದಕ್ಕೆ ಪ್ರಕೃತಿಯಲ್ಲಿ ದೊರೆಯುವುದು ಮಾಂಸ, ಮೀನುಗಳಿಂದ. ಗಜ್ಜರಿಯ ಬಣ್ಣದಿಂದ ‘ಎ’ ಜೀವಸತ್ವವನ್ನು ಮಾಡಿಕೊಳ್ಳಲೂ ಬೆಕ್ಕಿನ ದೇಹಕ್ಕೆ ಆಗದು. ಅಮೆರಿಕದಲ್ಲಿ 1975ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಹಾಲಿನ ಸಸಾರಜನಕವಾದ ಕೇಸೀನನ್ನೇ ಆಧಾರವಾಗಿ ಕೊಟ್ಟು ಸಾಕಿದ ಬೆಕ್ಕುಗಳ ಅಕ್ಷಿಪಟಲ ಹಾಳಾದದ್ದು ಕಂಡುಬಂದಿತ್ತು. ಹಾಲನ್ನದ ಬಟ್ಟಲಿಗೂ ಆ ಪ್ರಯೋಗಕ್ಕೂ ಎಷ್ಟು ಹತ್ತಿರದ ನಂಟು! 1987ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು, ಇದೇ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುವುದನ್ನೂ, ಟಾರಿನ್ ಕೊಟ್ಟರೆ ಆ ಹೃದಯ ಚೇತರಿಸಿಕೊಳ್ಳುವುದನ್ನೂ ತೋರಿಸಿದರು. ಗಮನಿಸಬೇಕಾದುದೆಂದರೆ, ಆ ಬೆಕ್ಕುಗಳು ತಿನ್ನುತ್ತಿದ್ದುದು ಪೇಟೆಯ ಸಿದ್ಧ ಆಹಾರವನ್ನೇ. ಮನೆಯ ಅಕ್ಕರೆಯಂತೆ ಕಾರ್ಖಾನೆಯ ಭರವಸೆಯೂ ಅಳೆದು ನೋಡುವವರೆಗೆ ಬರಿಯ ಭರವಸೆಯೇ.

ನಾಯಿಯ ಸಂಗತಿ ಬೇರೆ. ಮನುಷ್ಯನ ಜೊತೆ ಬಾಳಿ ಅದು ಪಿಷ್ಟವನ್ನು ಜೀರ್ಣಿಸುವ ಗುಣವನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆ. ಲೆಕ್ಕಹಾಕಿ ಸಿದ್ಧಪಡಿಸಿದ ಸಸ್ಯಾಹಾರದಲ್ಲಿ ಅದು ಬದುಕಬಲ್ಲದು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ನಾಶಮಾಡುವುದರಿಂದ ಜೈನರ ಅಡುಗೆಮನೆ ಈ ವಿಷಯದಲ್ಲಿ ತಾನಾಗಿಯೇ ನಿರಪಾಯ. ಆದರೆ ಪ್ರೀತಿಯಿಂದ ಹಾಕುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಮಾರಕವಾಗಬಹುದು.

ಇನ್ನು ಸಕ್ಕರೆ ಗುಳಿಗೆ. ಮೂಕಪ್ರಾಣಿಗೆ ಭ್ರಮೆ ಎಲ್ಲಿಂದ ಬಂದೀತು, ಗುಣ ಕಂಡರೆ ಅದು ಔಷಧದ್ದೇ ಅಲ್ಲವೆ, ಎಂದು ಕೇಳುವವರುಂಟು. ಭ್ರಮೆ ಪ್ರಾಣಿಗಲ್ಲ, ನೋಡುವವರಿಗೆ. ಸಂಧಿವಾತದಿಂದ ಕುಂಟುವ ನಾಯಿಗಳ ಮೇಲಿನ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಗುಳಿಗೆ ಪಡೆದ ನಾಯಿಗಳ ಕಾಲಿನ ಬಲವನ್ನು ಯಂತ್ರದಿಂದ ಅಳೆದು ಹೋಲಿಸಿದಾಗ, ಒಡೆಯರ ಅಭಿಪ್ರಾಯಗಳಲ್ಲಿ ನೂರಕ್ಕೆ ಸುಮಾರು 40 ಇಂತಹ ಹುಸಿ ಸುಧಾರಣೆಯಾಗಿದ್ದವು. ಪಶುವೈದ್ಯರೂ ಹೆಚ್ಚು ಕಡಿಮೆ ಅಷ್ಟೇ ಮೋಸಹೋಗಿದ್ದರು. ಹತ್ತು ಜನ ಮಾಡುತ್ತಾರೆಂದು ತಾನೂ ನಂಬುವುದನ್ನು ಸಮಂತಭದ್ರಾಚಾರ್ಯರು ಲೋಕಮೂಢತೆಯೆಂದು ಎಣಿಸಿದರು. ಸಮ್ಯಗ್ದರ್ಶನಕ್ಕೆ ಅದು ಕಳಂಕ. ಗುಳಿಗೆಯಿಂದ ಅಪಾಯವಿಲ್ಲವೆಂಬುದೂ ಅರ್ಧಸತ್ಯವೇ. ಅದನ್ನು ನಂಬಿ ಕಳೆದ ತಿಂಗಳು ಕಣ್ಣಿನ ಪಾಲಿಗೆ ನಷ್ಟವಾಯಿತು.

ಹಾಗಾದರೆ ಜೈನ ಮನೆಯೊಳಗೆ ಮಾಂಸ ಬರಬೇಕೆ? ಮನೆಯಲ್ಲಿ ಮೂರು ದಿನ ಇದೇ ಚರ್ಚೆ. ದಿಲ್ಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಸಸ್ಯಾಹಾರಿ ಪಕ್ಷಿಗಳನ್ನು ಒಳರೋಗಿಗಳಾಗಿ ಇರಿಸಿಕೊಂಡು, ಹದ್ದು ಗಿಡುಗಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆ ಕೊಡುವ ಪದ್ಧತಿ ಬಂದಿದೆ. ಹದ್ದನ್ನು ಕಾಳು ತಿನ್ನಿಸಿ ತಿದ್ದಲು ಅಲ್ಲಿ ಯಾರೂ ಹೊರಡಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನೂ ಹೇಳಿದೆ. ತಟ್ಟೆ ತುಂಬಿದ್ದೂ ಬೇಕಾದುದನ್ನು ಕೊಡದಿರುವುದು ಅದರಲ್ಲಿ ಸೇರುವುದಿಲ್ಲವೆ ಎಂದು ಸೊಸೆ ಮೆಲ್ಲನೆ ಕೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು.

‘ವ್ರತ ಅದು ಹಿಡಿದಿರಲಿಲ್ಲ. ನಾನು ಹಿಡಿಸಿದೆ’ ಎಂದರು.

ರಾಸಾಯನಿಕವಾಗಿ ತಯಾರಿಸಿದ, ಪ್ರಾಣಿಮೂಲವಲ್ಲದ ಟಾರಿನ್ ಇದೆ. ಅದನ್ನು ಬೆರೆಸಿದ ಸಸ್ಯಾಹಾರಿ ಬೆಕ್ಕಿನ ಆಹಾರವೂ ಉಂಟು. ಅದನ್ನು ತಿನ್ನುವ ಬೆಕ್ಕುಗಳ ಆರೋಗ್ಯ ಕೆಟ್ಟಿಲ್ಲವೆಂದು 2023ರ ಸಮೀಕ್ಷೆಯೊಂದು ಸೂಚಿಸಿತು. ಆದರೆ ಅದು ಒಡೆಯರ ಹೇಳಿಕೆಗಳನ್ನು ಆಧರಿಸಿದ್ದು. ಒಡೆಯರ ಕಣ್ಣು ಎಂತಹುದೆಂದು ಈ ಮನೆಗೆ ಗೊತ್ತಾಗಿತ್ತು. ಆದ್ದರಿಂದ ವೈದ್ಯರು ನಿಬಂಧನೆ ಹಾಕಿ ಒಪ್ಪಿದರು: ಆರು ತಿಂಗಳಿಗೊಮ್ಮೆ ಹೃದಯದ ಸ್ಕ್ಯಾನಿಂಗ್, ಮೂತ್ರದ ಪರೀಕ್ಷೆ. ಅಳತೆ ತಪ್ಪಿದರೆ ಬೆಕ್ಕನ್ನು ಮೀನು ತಿನ್ನುವ ಬೇರೊಂದು ಮನೆಗೆ ಒಪ್ಪಿಸುವುದು. ಇದಕ್ಕೆ ಅಜ್ಜಿಯೇ ಮೊದಲು ಒಪ್ಪಿದರು.

ಮೊದಲ ಸ್ಕ್ಯಾನಿಂಗಿನಲ್ಲಿ ಹೃದಯ ತುಸು ಹಿಗ್ಗಿತ್ತು. ಎರಡನೆಯದರಲ್ಲಿ ಬಹುಮಟ್ಟಿಗೆ ಸರಿಯಾಗಿತ್ತು. ಕಣ್ಣು ಮರಳಲಿಲ್ಲ. ಬಟ್ಟಲನ್ನು ಈಗ ಯಾರೂ ಜಾಗ ಬದಲಿಸಿ ಇಡುವುದಿಲ್ಲ. ಬೆಕ್ಕು ಗೋಡೆಗೆ ಮೈ ತಾಗಿಸಿಕೊಂಡು ಹೆಜ್ಜೆ ಎಣಿಸಿದಂತೆ ಅಲ್ಲಿಗೆ ಬರುತ್ತದೆ.