ಎರಡು ಬಾರಿ ಬೆಂದದ್ದು

ದೀಪಾವಳಿಗೆ ಇನ್ನೂ ಎರಡು ಮೂರು ವಾರ ಇರುವಾಗಲೇ ಫರೀದಾಬಾದಿನ ಎನ್‌ಐಟಿ ಭಾಗದ ಹಳೆಯ ಮಾರುಕಟ್ಟೆಗಳಲ್ಲಿ ಬಿಸ್ಕತ್ತಿನ ಭಟ್ಟಿಗಳ ಮುಂದೆ ಹೆಂಗಸರು ಸೇರತೊಡಗುತ್ತಾರೆ. ಅವರು ಬಿಸ್ಕತ್ತು ಕೊಳ್ಳಲು ಬಂದವರಲ್ಲ. ಮನೆಯಿಂದಲೇ ಗೋಧಿಹಿಟ್ಟು, ತುಪ್ಪ, ಪುಡಿಮಾಡಿದ ಸಕ್ಕರೆ, ಹಾಲು, ಏಲಕ್ಕಿ ಹೊತ್ತು ತಂದಿರುತ್ತಾರೆ. ಜೊತೆಗೊಂದು ಖಾಲಿ ತಗಡಿನ ಡಬ್ಬ. ಭಟ್ಟಿಯವನು ಹಿಟ್ಟನ್ನು ಕಲಸಿ, ಕೈಯಂತ್ರದಲ್ಲಿ ಒತ್ತಿ, ಬೇಯಿಸಿ, ಕಿಲೋ ಲೆಕ್ಕದಲ್ಲಿ ಮಜೂರಿ ಪಡೆಯುತ್ತಾನೆ. ಪಂಜಾಬ್, ಹರಿಯಾಣ, ದೆಹಲಿಗಳಲ್ಲಿ ಇದು ಹಳೆಯ ರೂಢಿ. ತಮ್ಮ ತುಪ್ಪ ಬೇರೆಯವರ ತಟ್ಟೆಗೆ ಹೋಗದಂತೆ ಹೆಂಗಸರು ಕಣ್ಣಿಟ್ಟು ಕಾಯುವುದನ್ನು ಕಂಡಾಗ, ಹುರಿದ ಮೆಣಸಿನಕಾಯಿ, ಧನಿಯಾ ಹಿಡಿದು ಸಾರಿನ ಪುಡಿ ಮಾಡಿಸಲು ಮಿಲ್ಲಿನ ಮುಂದೆ ಕೂರುತ್ತಿದ್ದ ನಮ್ಮ ಕಡೆಯ ಅತ್ತೆ, ದೊಡ್ಡಮ್ಮಂದಿರು ನೆನಪಾಗುತ್ತಾರೆ.

ನಾನು ಹಾಸನದ ಕಡೆಯವಳು. ಅಯ್ಯಂಗಾರ್ ಬೇಕರಿಗಳನ್ನು ನಾಡಿಗೆಲ್ಲ ಹಂಚಿದ ಜಿಲ್ಲೆ ಅದು. ಆದರೂ ನಮ್ಮ ಮನೆಯಲ್ಲಿ ಬ್ರೆಡ್ಡು, ರಸ್ಕು ಎಂದರೆ ಜ್ವರದ ಆಹಾರ. ಥರ್ಮಾಮೀಟರಿನ ಜೊತೆಯಲ್ಲೇ ಒಳಗೆ ಬರುತ್ತಿದ್ದವು. ಬೇಕರಿಯ ತಿನಿಸಿಗೂ ಮನೆತನದ ಗುಟ್ಟೊಂದಿರಬಹುದು ಎಂಬುದು ನನಗೆ ತಿಳಿದದ್ದು ಕೇಂದ್ರ ಸರ್ಕಾರದ ನೌಕರಿ ನನ್ನನ್ನು ದೆಹಲಿಗೆ ತಂದು, ದೆಹಲಿಯ ಬಾಡಿಗೆ ನನ್ನನ್ನು ಫರೀದಾಬಾದಿಗೆ ತಳ್ಳಿದ ಮೇಲೆ, ಪಕ್ಕದ ಮನೆಯ ಬೀಜಿಯಿಂದ.

ಬೀಜಿ ಹುಟ್ಟಿದ್ದು ವಾಯವ್ಯ ಗಡಿನಾಡಿನ ಬನ್ನೂ ಪಟ್ಟಣದಲ್ಲಿ. ದೇಶ ಒಡೆದಾಗ ಏಳು ವರ್ಷ. ಕುರುಕ್ಷೇತ್ರದ ನಿರಾಶ್ರಿತರ ಶಿಬಿರ, ಆಮೇಲೆ ಇಲ್ಲಿ. ಇಂದು ಎನ್‌ಐಟಿ ಎನ್ನುವ ಊರು 1949ರಿಂದೀಚೆಗೆ ಎದ್ದದ್ದು. ಬನ್ನೂ, ಡೇರಾ ಇಸ್ಮಾಯಿಲ್ ಖಾನ್ ಮುಂತಾದ ಕಡೆಗಳಿಂದ ಬಂದವರು ತಮ್ಮ ಮನೆಗಳ ಕಟ್ಟಡಕ್ಕೆ ತಾವೇ ಕೂಲಿಯಾಳುಗಳಾಗಿ ದುಡಿದರು. ಫರೀದಾಬಾದ್ ಅಭಿವೃದ್ಧಿ ಮಂಡಳಿಗೆ ರಾಜೇಂದ್ರ ಪ್ರಸಾದರು ಅಧ್ಯಕ್ಷರಾಗಿದ್ದರು. ಆ ದುಡಿಮೆಯನ್ನು ಸಹಕಾರಿ ಸಂಘಗಳಾಗಿ ಕಟ್ಟಲು ನೆರವಾದ ಇಂಡಿಯನ್ ಕೋಆಪರೇಟಿವ್ ಯೂನಿಯನ್ನಿನ ಹಿಂದಿದ್ದವರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಆ ಸಂಸ್ಥೆಯಲ್ಲಿ ದುಡಿದ ಎಲ್.ಸಿ. ಜೈನ್ ಈ ಊರಿನ ಕಥೆಯನ್ನೇ ಪುಸ್ತಕವಾಗಿ ಬರೆದಿದ್ದಾರೆ. ಇಷ್ಟೆಲ್ಲ ಹೇಳಿದಾಗ ಬೀಜಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಕಡೆಯವರಿಗೆ ಚಳಿಯೇ ಗೊತ್ತಿಲ್ಲವಲ್ಲ, ಇಲ್ಲಿ ಹೇಗಿದ್ದರು ಬೇಟಾ?"

ಬೀಜಿಯ ಬಿಸ್ಕತ್ತು ಭಟ್ಟಿಯ ಇತರರದಂತಲ್ಲ. ಕೈಯಂತ್ರಕ್ಕೆ ಅವರು ಹಿಟ್ಟು ಕೊಡುತ್ತಿರಲಿಲ್ಲ. ಎರಡು ಬೆರಳು ದಪ್ಪಕ್ಕೆ ತಟ್ಟೆಯಲ್ಲಿ ತಟ್ಟಿಸಿ, ಅದು ಬೆಂದು ಬಂದ ಕೂಡಲೇ, ಬಿಸಿಯಿರುವಾಗಲೇ ಚಾಕುವಿನಿಂದ ಉದ್ದುದ್ದ ಕತ್ತರಿಸಿ, ತುಂಡುಗಳನ್ನು ಬಿಡಿಬಿಡಿಯಾಗಿ ಮಲಗಿಸಿ, ದಿನದ ಕೆಲಸ ಮುಗಿದು ಆರುತ್ತಿರುವ ಭಟ್ಟಿಗೆ ಮತ್ತೊಮ್ಮೆ ಒಳಗಿಡಿಸುತ್ತಿದ್ದರು. ಭಟ್ಟಿಯವನು ಗೊಣಗುತ್ತಿದ್ದ. "ದೋಬಾರಾ" ಎಂದು ಅವರು ಇನ್ನೊಮ್ಮೆ ಹೇಳಿದರೆ ಗೊಣಗಾಟ ನಿಲ್ಲುತ್ತಿತ್ತು. ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ತಂದೆಯ ಬುತ್ತಿಗೆ ತಾಯಿ ಹೀಗೆ ಮಾಡಿಸುತ್ತಿದ್ದರಂತೆ. ಮೊದಲ ಬಾರಿ ರುಚಿಗೆ, ಎರಡನೆಯ ಬಾರಿ ದಾರಿಗೆ.

ಇಂಗ್ಲಿಷ್ ಎಂ.ಎ. ಓದಿದವಳಿಗೆ ಇಲ್ಲಿ ಸುಮ್ಮನಿರಲಾಗಲಿಲ್ಲ. ಬಿಸ್ಕತ್ತು ಎಂಬ ಪದದ ಬೇರಿನಲ್ಲಿಯೇ ಈ ದೋಬಾರಾ ಇದೆ. ಲ್ಯಾಟಿನ್ನಿನಲ್ಲಿ ‘ಬಿಸ್’ ಎಂದರೆ ಎರಡು ಬಾರಿ, ‘ಕಾಕ್ಟಸ್’ ಎಂದರೆ ಬೆಂದದ್ದು. ಇಟಲಿಯವರ ಬಿಸ್ಕೋತ್ತಿ, ಫ್ರೆಂಚರ ಮೂಲಕ ಬಂದ ಇಂಗ್ಲಿಷರ ಬಿಸ್ಕಿಟ್ ಎಲ್ಲ ಅಲ್ಲಿಂದಲೇ. ನೀರಿನಂಶ ಹೋದಷ್ಟೂ ತಿನಿಸು ಬಾಳುತ್ತದೆ, ಹಡಗಿನವರಿಗೂ ಸೈನಿಕರಿಗೂ ಅದು ಬೇಕಿತ್ತು. ಟಸ್ಕನಿಯ ಪ್ರಾಟೋ ಊರಿನಲ್ಲಿ ಆಂಟೋನಿಯೋ ಮತ್ತೇಯಿ 1858ರಲ್ಲಿ ತೆರೆದ ಅಂಗಡಿ ಇಂದಿಗೂ ಬಾದಾಮಿಯ ಬಿಸ್ಕೋತ್ತಿಗೆ ಹೆಸರಾಗಿದೆ. ಅಲ್ಲಿಯೂ ದಿಂಡಿನಂತೆ ಬೇಯಿಸಿ, ಬಿಸಿಯಲ್ಲೇ ಓರೆಯಾಗಿ ಕತ್ತರಿಸುತ್ತಾರೆ. ಬಿಸ್ಕೋತ್ತಿ ಎನ್ನುವ ತಿನಿಸಿನ ಹಳೆಯ ಕ್ರಮದಲ್ಲಿ ಆ ತುಂಡುಗಳು ಮತ್ತೆ ಒಲೆ ಸೇರುತ್ತವೆ. ಒಂದು ವ್ಯತ್ಯಾಸವಿದೆ. ಅದಕ್ಕೆ ಹಿಟ್ಟು, ಸಕ್ಕರೆ, ಮೊಟ್ಟೆ, ಬಾದಾಮಿ, ಸಂಪ್ರದಾಯದಲ್ಲಿ ಬೆಣ್ಣೆಯಿಲ್ಲ. ಆದ್ದರಿಂದ ಕಲ್ಲಿನಂತಾಗುತ್ತದೆ, ವಿನ್ ಸಾಂತೋ ಎಂಬ ಸಿಹಿ ವೈನಿನಲ್ಲಿ ಅದ್ದಿ ತಿನ್ನುತ್ತಾರೆ. ಬೀಜಿಯದರಲ್ಲಿ ಮೊಟ್ಟೆಯಿಲ್ಲ, ತುಪ್ಪವಿದೆ. ಅದು ಚಹಾ ಇಲ್ಲದೆಯೂ ಬಾಯಲ್ಲಿ ಸೋಲುತ್ತದೆ.

ಅಳತೆಯನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಸೊಸೆ ಕೇಳಲಿಲ್ಲ, ಹತ್ತಿರವೇ ಇದ್ದವರು ಕೇಳುವುದಾದರೂ ಯಾಕೆ? ಪರವೂರಿನವಳಾದ ನಾನು ಕೇಳಿದೆ, ಕಚೇರಿಯ ಡೈರಿಯ ಹಿಂಬದಿಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಗೋಧಿಹಿಟ್ಟು ಒಂದು ಕಿಲೋ, ಕಡಲೆಹಿಟ್ಟು 100 ಗ್ರಾಂ, ತುಪ್ಪ 400, ಸಕ್ಕರೆ ಪುಡಿ 500, ಹಾಲು ಹಿಟ್ಟು ಹಿಡಿದಷ್ಟು, ಓಮ ಒಂದು ಚಿಟಿಕೆ. ಅವರ ಮಾತನ್ನು ಕಿವಿಗೆ ಬಿದ್ದಂತೆಯೇ ಬರೆದೆ. ಬೀಜಿ ‘ಪಾಣಿ’ ಎನ್ನುತ್ತಿದ್ದರು, ಹಿಂದಿ ಶಾಲೆಯಲ್ಲಿ ಓದಿದ ಮೊಮ್ಮಕ್ಕಳು ‘ಪಾನಿ’ ಎನ್ನುತ್ತಾರೆ. ಣಕಾರ ನಮ್ಮ ಮನೆಯ ಅಕ್ಷರವಾದ್ದರಿಂದ ಅದು ನನ್ನ ಹಾಳೆಯಲ್ಲಿ ಉಳಿದುಕೊಂಡಿತು.

2023ರ ಜನವರಿ 1ರಿಂದ ರಾಜಧಾನಿ ವಲಯದಲ್ಲಿ ಕಲ್ಲಿದ್ದಲಿಗೆ ನಿಷೇಧ ಬಂತು. ವಾಯು ಗುಣಮಟ್ಟ ಆಯೋಗದ ಈ ಆದೇಶವನ್ನು ನವೆಂಬರಿನಲ್ಲಿ ಇಲ್ಲಿ ಒಮ್ಮೆ ಉಸಿರಾಡಿದವರು ಟೀಕಿಸಲಾರರು. ನಮ್ಮ ಭಟ್ಟಿಯವನೂ ಅನಿಲದ ಒಲೆ ಹಾಕಿಸಿದ. ಗುಂಡಿ ತಿರುಗಿಸಿದರೆ ಅದು ಆರುತ್ತದೆ. ಸಂಜೆಯಿಂದ ರಾತ್ರಿಯವರೆಗೆ ನಿಧಾನವಾಗಿ ಇಳಿಯುವ ಹಳೆಯ ಇಟ್ಟಿಗೆಗೂಡಿನ ಶಾಖ ಅದಕ್ಕಿಲ್ಲ. ದೋಬಾರಾ ಈಗ ಬೇರೆಯದೇ ಮಜೂರಿಯ ಕೆಲಸ. ಆ ವರ್ಷ ಬೀಜಿ ಡಬ್ಬ ಹಿಡಿದು ಹೋಗಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡರು.

ಕಳೆದ ವರ್ಷ ಕೆನಡಾದಿಂದ ಅವರ ಮೊಮ್ಮಗಳ ಕರೆ. "ಆಂಟೀ, ದಾದಿಯ ಬಿಸ್ಕತ್ತಿನ ಅಳತೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಹತ್ತಿರ ಇದೆಯಂತೆ." ಬನ್ನೂವಿನ ಒಂದು ಮನೆಯ ಪಾಕಕ್ಕೆ ಇದ್ದ ಏಕೈಕ ಲಿಖಿತ ಪ್ರತಿ ನನ್ನ ಡೈರಿಯಲ್ಲಿ, ಆ ಮನೆಯಲ್ಲಿ ಯಾರೂ ಓದಲಾರದ ಲಿಪಿಯಲ್ಲಿ!

ಅನುವಾದಕ್ಕೆ ಎರಡು ರಾತ್ರಿ ಹಿಡಿಯಿತು. ಕಡತಗಳ ಭಾಷಾಂತರ ನೋಡಿ ಬಲ್ಲೆ, ಇದು ಅದಕ್ಕಿಂತ ಕಷ್ಟ. ಬೀಜಿಯ ‘ಖಸ್ತಾ’ಕ್ಕೆ ನಾನು ‘ಗರಿಗರಿ ಅಲ್ಲ, ಕಡಿದರೆ ಉದುರಬೇಕು’ ಎಂದು ಬರೆದಿದ್ದೆ. ಹಿಂದಿಯಲ್ಲಿ ಆ ಪದವೇ ಇದೆ. ಆದರೆ ಆ ಹುಡುಗಿಗೆ ಇಂಗ್ಲಿಷೇ ಸಲೀಸು. ಕ್ರಿಸ್ಪ್ ಎಂದರೆ ತಪ್ಪಾಗುತ್ತದೆ. ಬೇಕರಿಯ ಇಂಗ್ಲಿಷಿನಲ್ಲಿ ಇದಕ್ಕೆ ‘ಶಾರ್ಟ್’ ಎನ್ನುತ್ತಾರೆ, ಅದನ್ನೇ ಬರೆದು ವಿವರಿಸಿದೆ. ‘ಭಟ್ಟಿಯ ಬಾಯಲ್ಲಿ ಅಂಗೈ ಇಟ್ಟು ಹತ್ತು ಎಣಿಸುವಷ್ಟು’ ಎಂಬ ಸಾಲು ಇನ್ನೂ ತೊಡಕು. ಭಟ್ಟಿಯವನನ್ನು ಕೇಳಿದರೆ ನಕ್ಕ. ಕೊನೆಗೆ ನನ್ನ ಮನೆಯ ಪುಟ್ಟ ಓವನ್ನಿನಲ್ಲಿ ಕಾಲು ಕಿಲೋ ಹಿಟ್ಟಿನಿಂದ ಮೂರು ಬಾರಿ ಮಾಡಿ ನೋಡಿ, ಮೊದಲಿಗೆ 170 ಡಿಗ್ರಿ 25 ನಿಮಿಷ, ಕತ್ತರಿಸಿದ ಮೇಲೆ 120 ಡಿಗ್ರಿ 40 ನಿಮಿಷ, ನಂತರ ಓವನ್ ಆರಿಸಿ ಬಾಗಿಲು ತೆರೆಯದೆ ರಾತ್ರಿಯೆಲ್ಲ ಒಳಗೇ ಬಿಡುವುದು ಎಂದು ಬರೆದು ಕಳಿಸಿದೆ.

ಅವಳು ಕನ್ನಡದ ಹಾಳೆಯ ಚಿತ್ರವನ್ನೂ ಕೇಳಿದಳು. ಓದಲು ಬಾರದಿದ್ದರೂ ಇರಲಿ ಎಂದಳು. ಫೋನಿನಲ್ಲಿ ನಾನು ಅದನ್ನು ಬೆರಳಿಟ್ಟು ಸಾಲುಸಾಲಾಗಿ ಓದಿದೆ. ‘ಪಾಣಿ’ ಬಂದಾಗ ಅವಳು ನಿಲ್ಲಿಸಿ, ಮತ್ತೊಮ್ಮೆ ಹೇಳಿಸಿದಳು. ಮರುವಾರ ಬಂದ ಸಂದೇಶದಲ್ಲಿ ಬಿಸ್ಕತ್ತಿನ ಚಿತ್ರವಿತ್ತು. ಅಂಚು ಸ್ವಲ್ಪ ಕಪ್ಪಾಗಿತ್ತು. ಅಲ್ಲಿಯ ಓವನ್ನಿಗೆ 110 ಡಿಗ್ರಿ ಸಾಕಾಗಬಹುದು ಎಂದು ಬರೆದಿದ್ದೇನೆ.