ದಸರಾ ಕಛೇರಿಗೆ ಕಾಯುತ್ತಾ...

ಈ ಪತ್ರಿಕೆಯಲ್ಲಿ ನನ್ನ ಹೆಸರು ಕಾಣಿಸದೆ ಹತ್ತು ತಿಂಗಳಾಯಿತು. ಹುಷಾರಿಲ್ಲವೇ ಎಂದು ನಿಮ್ಮಲ್ಲಿ ಕೆಲವರು ವಿಚಾರಿಸಿದ್ದೀರಿ. ಅಲ್‌ಹಮ್ದುಲಿಲ್ಲಾಹ್, ಆರೋಗ್ಯಕ್ಕೇನೂ ಆಗಿಲ್ಲ. ಬರೆಯಲು ಕುಳಿತರೆ ಬರುತ್ತಿಲ್ಲ, ಅಷ್ಟೇ.

ಮೊದಲು ಹೀಗಿರಲಿಲ್ಲ. ಮದ್ರಸದಲ್ಲಿ ಓದಿ, ಆಮೇಲೆ ಅಂಚೆ ಶಿಕ್ಷಣದ ಮೂಲಕ ಬಿ.ಎ. ಮಾಡಿಕೊಂಡ ನನಗೆ ಕನ್ನಡದಲ್ಲಿ ಬರೆಯುವುದೆಂದರೆ ಹಬ್ಬ. ಶಾಲೆಯಿಂದ ಬಂದು, ಉತ್ತರ ಪತ್ರಿಕೆ ತಿದ್ದಿ, ಇಶಾ ನಮಾಝ್ ಮುಗಿಸಿ ಕುಳಿತರೆ ಒಂದೇ ರಾತ್ರಿಯಲ್ಲಿ ಲೇಖನ ತಯಾರು. ಸೊಸೆಯಂದಿರು ಹೀಗಿರಬೇಕು, ಅತ್ತೆಯಂದಿರು ಹಾಗಿರಬೇಕು, ಮಕ್ಕಳನ್ನು ಹೀಗೆ ಬೆಳೆಸಬೇಕು. 'ಬೇಕು, ಬೇಕು' ಎಂದು ಬರೆಯಲು ಹೆಚ್ಚು ಹೊತ್ತು ಬೇಡ ನೋಡಿ.

ಹೀಗೆಯೇ ಒಮ್ಮೆ ಸಬ್ರ್ ಕುರಿತು ಬರೆದಿದ್ದೆ. ಚೆನ್ನಾಗಿದೆ ಎಂದು ಹಲವರು ಹೇಳಿದರು. ತಿಂಗಳ ಬಳಿಕ ಒಬ್ಬ ಸಹೋದರಿಯ ಕಾಗದ ಬಂತು. "ಆಪಾ, ನಿಮ್ಮ ಲೇಖನ ಎರಡು ಸಲ ಓದಿದೆ. ನಾನು ಹದಿನಾಲ್ಕು ವರ್ಷದಿಂದ ಸಬ್ರ್ ಮಾಡುತ್ತಿದ್ದೇನೆ. ಇನ್ನೆಷ್ಟು ಮಾಡಬೇಕು ಎಂಬುದು ಅದರಲ್ಲಿ ಇರಲಿಲ್ಲ." ಇಷ್ಟೇ. ಉತ್ತರ ಬರೆಯುವುದಾದರೆ ಎಂದು ಕೆಳಗೆ ಪಕ್ಕದ ಮನೆಯವರ ವಿಳಾಸ ಕೊಟ್ಟಿದ್ದರು.

ಆ ಕಾಗದ ನನ್ನ ಬಿ.ಎ. ಪುಸ್ತಕಗಳ ನಡುವೆ ಇದೆ. ಅಂದಿನಿಂದ 'ನಾವು ಹೀಗಿರಬೇಕು' ಎಂದು ಬರೆದಾಗಲೆಲ್ಲ ಆಕೆ ಎದುರಿಗೆ ಬಂದು ನಿಂತು "ಎಷ್ಟು?" ಎಂದು ಕೇಳಿದಂತಾಗುತ್ತದೆ. ಬರೆದದ್ದನ್ನು ಹೊಡೆದು ಹಾಕುತ್ತೇನೆ. ಸಂಪಾದಕರು ಫೋನ್ ಮಾಡಿದಾಗ ಪರೀಕ್ಷೆಯ ಕೆಲಸವಿದೆ ಎಂದೆ. ಅದೂ ಪೂರ್ತಿ ನಿಜವಲ್ಲ.

ಇಂತಹ ಸಮಯದಲ್ಲಿ ನಾನು ದಸರಾ ಕಛೇರಿಯ ದಾರಿ ಕಾಯುತ್ತಿದ್ದೇನೆ ಎಂದರೆ ನಗುತ್ತೀರೇನೋ. ಕೆಲವರು ಹುಬ್ಬೇರಿಸಲೂಬಹುದು. ವಾದ್ಯ ಸಂಗೀತದ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ನಾನೂ ಓದಿದ್ದೇನೆ. ಇಮಾಮ್ ಗಝ್ಝಾಲಿಯವರು ಇಹ್ಯಾ ಉಲೂಮುದ್ದೀನ್‌ನಲ್ಲಿ ಈ ಬಗ್ಗೆ ಒಂದು ಪ್ರತ್ಯೇಕ ಭಾಗವನ್ನೇ ಬರೆದಿದ್ದಾರೆ. ಫತ್ವಾ ಕೊಡುವ ಯೋಗ್ಯತೆ ನನ್ನದಲ್ಲ. ನಮ್ಮ ಮನೆಯ ಮಾತನ್ನಷ್ಟೇ ಹೇಳುತ್ತೇನೆ.

ನನ್ನ ತವರು ಮೈಸೂರಿನ ಮಂಡಿ ಮೊಹಲ್ಲಾ. ಅಬ್ಬಾ ದರ್ಜಿ. ದಸರೆಯ ದಿನಗಳಲ್ಲಿ ಹೊಲಿಗೆ ಕೆಲಸ ತಲೆಮಟ್ಟ ಇರುತ್ತಿತ್ತು. ಆದರೂ ಒಂದು ಸಂಜೆ ಅಂಗಡಿ ಬೇಗ ಮುಚ್ಚಿ ನನ್ನನ್ನು ಅರಮನೆಯ ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕಛೇರಿ ಕೇಳಲು ಟಿಕೆಟ್ ಇಲ್ಲ. ದೀಪ ಹತ್ತಿದ ಕೂಡಲೇ ಸುತ್ತಲಿನವರೆಲ್ಲ 'ಓ' ಎನ್ನುವರು. ನನಗೂ ಬೇಕಿದ್ದದ್ದು ಆ ದೀಪ, ಮತ್ತು ಮುಸುಕಿನ ಜೋಳ. ಒಮ್ಮೆ ಹಿಂದೂಸ್ತಾನಿ ಗಾಯಕರೊಬ್ಬರು ಹಾಡಲು ಕುಳಿತರು. ಕಾಲು ಗಂಟೆಯಾದರೂ ಅವರ ಬಾಯಿಂದ ಒಂದು ಶಬ್ದ ಬರಲಿಲ್ಲ. ಬರೀ ಸ್ವರ. ಅದೂ ಎರಡು ಮೂರರ ಸುತ್ತವೇ ತಿರುಗಾಟ.

"ಅಬ್ಬಾ, ಇವರಿಗೆ ಹಾಡು ಮರೆತುಹೋಗಿದೆಯಾ?" ಎಂದೆ.

"ಇಲ್ಲ ಬೇಟಿ, ಹುಡುಕುತ್ತಿದ್ದಾರೆ," ಎಂದರು ಅಬ್ಬಾ.

ಮನೆಗೆ ಬರುವ ದಾರಿಯಲ್ಲಿ ಅವರು ಹೇಳಿದ್ದು ಅಬ್ದುಲ್ ಕರೀಂ ಖಾನ್ ಸಾಹೇಬರ ವಿಷಯ. ಉತ್ತರ ಪ್ರದೇಶದ ಕೈರಾನಾ ಕಡೆಯವರು, ಮೈಸೂರು ಆಸ್ಥಾನಕ್ಕೆ ಬಂದು ಹಾಡುತ್ತಿದ್ದವರು. ಒಂದೊಂದೇ ಸ್ವರವನ್ನು ನಿಧಾನವಾಗಿ ಬಿಡಿಸುವುದು ಅವರ ಕಿರಾಣಾ ಘರಾಣೆಯ ರೀತಿ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಬಳಿ ಕಲಿತವರು. ಖಾನ್ ಸಾಹೇಬರು ತೀರಿಕೊಂಡದ್ದು 1937ರ ಅಕ್ಟೋಬರ್‌ನಲ್ಲಿ. ಮದ್ರಾಸಿನಿಂದ ರೈಲಿನಲ್ಲಿ ಹೋಗುತ್ತಿದ್ದಾಗ ಎದೆನೋವು ಬಂತು. ಸಿಂಗಪೆರುಮಾಳ್ ಕೋವಿಲ್ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ ಇಳಿದು ಅಲ್ಲಿಯೇ ಪ್ರಾಣ ಬಿಟ್ಟರು. ಅವರ ಕಬರ್ ಮಿರಜ್‌ನ ದರ್ಗಾದ ಆವರಣದಲ್ಲಿದೆ. ಮೂರನೇ ಕ್ಲಾಸು ದಾಟದ ನನ್ನ ಅಬ್ಬಾ ಇದನ್ನೆಲ್ಲ ಅಂಗಡಿಯ ರೇಡಿಯೋದಿಂದ ಕಲಿತಿದ್ದರು.

2006ರಲ್ಲಿ ದಸರೆ ಮತ್ತು ರಮಝಾನ್ ಒಟ್ಟಿಗೆ ಬಂದವು. ದಸರೆ ಶರತ್ಕಾಲವನ್ನು ಬಿಟ್ಟು ಕದಲುವುದಿಲ್ಲ. ನಮ್ಮ ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಆ ವರ್ಷ ಅಬ್ಬಾ ಕಛೇರಿಗೆ ಹೋಗಲಿಲ್ಲ, ತರಾವೀಹ್‌ಗೆ ಹೋದರು. ಬೇಸರವಾಯಿತೇ ಎಂದು ಕೇಳಿದೆ. "ಅದು ಮುಂದಿನ ವರ್ಷವೂ ಇರುತ್ತದಲ್ಲ," ಎಂದರು. ಈಗ ಕಛೇರಿ ಇದೆ, ಅಬ್ಬಾ ಇಲ್ಲ.

2025ರ ದಸರೆಯನ್ನು ಉದ್ಘಾಟಿಸಿದವರು ಬಾನು ಮುಷ್ತಾಕ್. ಅದೇ ವರ್ಷ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತ್ತು. ಟಿ.ವಿ.ಯಲ್ಲಿ ನೋಡುತ್ತಿದ್ದ ನನ್ನ ಮಗಳು "ಅಮ್ಮೀ, ನೀವೂ ಬರೀತೀರಲ್ಲ?" ಎಂದಳು. ಎಲ್ಲಿಯ ಅವರು, ಎಲ್ಲಿಯ ನಾನು! ಆದರೆ ಅವರ ಕತೆಗಳಲ್ಲಿ ಹೆಂಗಸರಿಗೆ ಯಾರೂ 'ಹೀಗಿರಬೇಕು' ಎಂದು ಪಾಠ ಹೇಳುವುದಿಲ್ಲ ಎಂಬುದು ಆ ರಾತ್ರಿ ಮಲಗಿದ ಮೇಲೆ ಹೊಳೆಯಿತು. ಹೊಳೆದರೇನು, ಪೆನ್ನು ಮಾತ್ರ ಓಡಲಿಲ್ಲ.

ಇನ್‌ಶಾ ಅಲ್ಲಾಹ್, ಈ ಸಲದ ದಸರೆಗೆ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗುವವಳಿದ್ದೇನೆ. ಆ ದಿನಗಳಲ್ಲಿ ಸಂಜೆ ಮಳೆ ಬಂದು ಕುರ್ಚಿಗಳೆಲ್ಲ ಒದ್ದೆಯಾಗುವುದುಂಟು. ಒರೆಸಿಕೊಳ್ಳಲು ಹಳೆಯ ದುಪ್ಪಟ್ಟಾ ಒಂದನ್ನು ಈಗಲೇ ತೆಗೆದಿಟ್ಟಿದ್ದೇನೆ. ಹಾಡುಗಾರರು ಶಬ್ದಕ್ಕೆ ಬರುವ ಮೊದಲು ಎಷ್ಟು ಹೊತ್ತು ತೆಗೆದುಕೊಂಡರೂ ಈ ಸಲ ನನಗೆ ಅವಸರವಿಲ್ಲ.

ನಿನ್ನೆ ಇಶಾ ಆದ ಮೇಲೆ ಆ ಸಹೋದರಿಯ ಕಾಗದ ಹೊರತೆಗೆದು ಉತ್ತರ ಬರೆದೆ. ಹತ್ತು ತಿಂಗಳಲ್ಲಿ ಹೊಡೆದು ಹಾಕದೆ ಉಳಿಸಿಕೊಂಡ ಬರಹ ಅದೊಂದೇ. ಉಪದೇಶವಿಲ್ಲ, ಬರೀ ಪ್ರಶ್ನೆಗಳು. ತವರು ಎಷ್ಟು ದೂರ? ಅಲ್ಲಿ ನಿಮ್ಮ ಮಾತು ಕೇಳುವವರು ಯಾರಿದ್ದಾರೆ? ಮನೆಯಲ್ಲಿ ಕೈ ಮಾಡುವುದುಂಟೇ? ಕೊನೆಗೆ ಒಂದು ಸಾಲು ಸೇರಿಸಿದೆ: ಹೊಡೆತ ತಿನ್ನುವುದೇ ಸಬ್ರ್ ಎಂದು ನಾನು ಬರೆದಿರಲಿಲ್ಲ ತಂಗೀ, ಆದರೆ ಅಲ್ಲವೆಂದೂ ಬರೆದಿರಲಿಲ್ಲ, ಅದು ನನ್ನ ತಪ್ಪು.

ಲಕೋಟೆಯ ಮೇಲೆ ಪಕ್ಕದ ಮನೆಯವರ ಹೆಸರನ್ನೇ ಬರೆದಿದ್ದೇನೆ. ನಾಳೆ ಶಾಲೆಗೆ ಹೋಗುವಾಗ ಅಂಚೆಗೆ ಹಾಕಬೇಕು.